ಕಣ್ಣಿನ ಲೇಸರು: ಡಾಕ್ಟರರನ್ನು ಆರಿಸುವ ವಿಚಾರ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಭಟ್ಟಿಯ ಹಬೆಗೆ ಕನ್ನಡಕ ಮಂಜಾಗುವ ಪೀಡೆ ನಮ್ಮಲ್ಲಿ ಎಷ್ಟೋ ಮಂದಿಗೆ ಗೊತ್ತು. ಅದನ್ನು ಕಳಚಿಡುವ ಆಸೆಯಿಂದ ಕೆಲವರು ಲೇಸರು ಮಾಡಿಸಿಕೊಳ್ಳಲು ಹೊರಟಿದ್ದಾರೆ. ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಕೂಡಿಟ್ಟ ಪಗಾರ ಸುರಿಯುವ ಮೊದಲು ಯಾರ ಕೈಗೆ ಕಣ್ಣು ಕೊಡುತ್ತೇವೆಂದು ನೋಡಬೇಡವೇ?

ಕಣ್ಣಿನ ಮುಂದಿನ ಪಾರದರ್ಶಕ ಪದರ, ಅಂದರೆ ಕಾರ್ನಿಯಾ, ನಡುವೆ ಸುಮಾರು ಅರ್ಧ ಮಿಲಿಮೀಟರ್ ದಪ್ಪ, ಅಷ್ಟೆ. ಲೇಸರು ಸವೆಸುವುದು ಅದನ್ನೇ. ಸವೆದದ್ದು ಮರಳಿ ಬರುವುದಿಲ್ಲ. ಆದ್ದರಿಂದ ಅದರ ದಪ್ಪ, ಆಕಾರ ಎರಡನ್ನೂ ಯಂತ್ರದಲ್ಲಿ ಅಳೆಯದೆ ತಾರೀಖು ಕೊಡುವವರಿದ್ದರೆ ಸುಮ್ಮನೆ ಮೆಟ್ಟಿಲಿಳಿದು ಬನ್ನಿರಿ. ಪದರ ತೀರ ತೆಳುವಾಗಿದ್ದರೆ, ಶಂಕುವಿನಂತೆ ಉಬ್ಬುತ್ತಿದ್ದರೆ ಲೇಸರು ಕೂಡದು. ನಂಬರು ಒಂದು ವರ್ಷವಾದರೂ ಬದಲಾಗದೆ ನಿಂತಿದೆಯೇ ಎಂದು ಹಳೆಯ ಚೀಟಿ ಕೇಳುವವರು, “ನಿಮಗೆ ಇದು ಆಗದು” ಎಂದು ಹೇಳಬಲ್ಲವರು, ನಮ್ಮ ಲೆಕ್ಕದಲ್ಲಿ ಒಳ್ಳೆಯ ಡಾಕ್ಟರರು.

ನಮ್ಮ ಸಪ್ಲೈಯರ್ ಹುಡುಗನೊಬ್ಬನಿಗೆ ಒಂದು ಕಡೆ ಡಾಕ್ಟರರ ಮುಖವೇ ಕಾಣಲಿಲ್ಲ. “ಈ ವಾರ ರಿಯಾಯಿತಿ” ಎಂದರಂತೆ ಕೌಂಟರಿನವರು. ಕಣ್ಣೇನು ಸೀರೆಯೇ? ಇನ್ನೊಂದು ಕಡೆ ಅಳೆದು ನೋಡಿ ಬೇಡವೆಂದರು. ಕಣ್ಣು ಉಳಿಯಿತು.

ನಾಚದೆ ಕೇಳಿರಿ: ಆಪರೇಷನ್ ಮಾಡುವವರು ಯಾರು? ಆಮೇಲೆ ನೋಡುವವರು ಅವರೇನೋ? ಕಣ್ಣು ಒಣಗಿದರೆ, ರಾತ್ರಿ ದೀಪದ ಸುತ್ತ ಬಳೆ ಕಂಡರೆ ಏನು? ಹೊಗೆ, ಹತ್ತಿಯ ಧೂಳಿನ ಕೆಲಸಕ್ಕೆ ಎಂದು ಮರಳಬಹುದು? ನಲವತ್ತು ದಾಟಿದವರೇ, ದೂರದ ನೋಟ ಸರಿಯಾದರೂ ಬಿಲ್ಲು ಓದಲು ಕನ್ನಡಕ ಬೇಕಾದೀತು.

ಹಿಂದಿ, ಮರಾಠಿಯಲ್ಲಿ ಕೇಳಲು ಅಂಜುವವರು ಸಂಘಕ್ಕೆ ಹೇಳಿರಿ. ರಜೆಯ ದಿನ ನಮ್ಮವರೊಬ್ಬರು ಜೊತೆಗೆ ಬರುತ್ತಾರೆ.