ಲಿಕ್ ಅಂದ್ರ ಉತ್ತರ: ಬ್ಲೂಸ್‌ನಿಂದ ಲೀಡ್ ಗಿಟಾರ್ ಕಲಿಯೋಣ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮ ಹುಡುಗರು ಈಗ ಗಿಟಾರ್ ಹಿಡಿದಾರ. ಕಾರ್ಯಕ್ರಮದಾಗ ಹಾರ್ಮೋನಿಯಂ, ಢೋಲಕಿ ಜೋಡಿ ಗಿಟಾರೂ ಬಂದು ಕುಂತದ. ಸಂತೋಷದ ಮಾತು. ಆದರ ಬಹಳ ಮಂದಿ ಬಂದು ಒಂದೇ ಪ್ರಶ್ನೆ ಕೇಳ್ತಾರ: "ಅಣ್ಣಾ, ಕಾರ್ಡ್ ಬರ್ತಾವ, ಸ್ಕೇಲೂ ಬರ್ತದ. ಲೀಡ್ ಬಾರಿಸಾಕ ಹೋದ್ರ ಮಾತ್ರ ಮಗ್ಗಿ ಹೇಳಿದಂಗ ಕೇಳಸ್ತದ. ಏನು ಮಾಡಬೇಕು?" ಇದಕ್ಕ ನನಗ ಗೊತ್ತಿರೋ ಒಳ್ಳೆ ದಾರಿ ಒಂದೇ. ಬ್ಲೂಸ್ ಲಿಕ್ ಕಲೀರಿ. ಆದರ ಅದು ಎಲ್ಲಿಂದ ಬಂತು, ಯಾಕ ಹುಟ್ಟಿತು ಅನ್ನೋದನ್ನೂ ತಿಳಕೊಂಡು ಕಲೀರಿ.

ಲಿಕ್ ಅಂದ್ರ ಐದಾರು ಸ್ವರದ ಒಂದು ಸಣ್ಣ ನುಡಿ. ನಮ್ಮ ಅಜ್ಜಿಯರು ಮಾತಿನ ನಡುವೆ ಗಾದೆ ಹೇಳ್ತಾರಲ್ಲ, ಹಂಗ. ನೂರು ಗಾದೆ ಬಾಯಿಪಾಠ ಮಾಡಿದವನು ಮಾತುಗಾರ ಆಗೋದಿಲ್ಲ. ಯಾರ ಮಾತಿಗೆ, ಯಾವ ಹೊತ್ತಿಗೆ ಯಾವುದು ಅಂತ ತಿಳಿದವನು ಆಗ್ತಾನ. ಲಿಕ್ಕಿನ ಕಥಿನೂ ಅಷ್ಟೇ.

ಬ್ಲೂಸ್ ಹುಟ್ಟಿದ್ದು ಅಮೆರಿಕದ ದಕ್ಷಿಣ ಭಾಗದಲ್ಲಿ, ಕಪ್ಪು ಜನರ ನಡುವೆ. ಗುಲಾಮಗಿರಿ ಕಾನೂನಿನಿಂದ ಹೋದದ್ದು 1865ರಲ್ಲಿ. ಆದರೆ ಹತ್ತಿ ಹೊಲ, ಪಾಲಿನ ಬೇಸಾಯ, ತೀರದ ಸಾಲ, ಬೇರೆ ಬಾಗಿಲು, ಬೇರೆ ಶಾಲೆ ಇವೆಲ್ಲ ಆಮೇಲೂ ಉಳಿದವು. ಅಲ್ಲಿ ಹೊಲದ ಕೆಲಸದ ಹಾಡಿನಲ್ಲಿ ಒಬ್ಬ ಕೂಗಿ ಹೇಳಿದರೆ ಉಳಿದವರು ಉತ್ತರ ಕೊಡುತ್ತಿದ್ದರು. ನಮ್ಮ ಗೀಗೀ ಮೇಳದಾಗ ಮುಂದಿನವರು ಹೇಳ್ತಾರ, ಹಿಮ್ಮೇಳ ಎತ್ತಿ ಹಿಡೀತದ, ಆ ರೀತಿ ಅಂತ ತಿಳ್ಕೋರಿ. ಗಿಟಾರ್ ಕೊಳ್ಳೋ ಶಕ್ತಿ ಇಲ್ಲದ ಮಕ್ಕಳು ಗೋಡೆಗೆ ಮೊಳೆ ಹೊಡೆದು, ಒಂದೇ ಒಂದು ತಂತಿ ಕಟ್ಟಿ, ಬಾಟಲಿ ಉಜ್ಜಿ ಬಾರಿಸುತ್ತಿದ್ದರು. ಅದಕ್ಕೆ ಡಿಡ್ಲಿ ಬೋ ಅಂತಾರ. ತಂತಿಯಿಂದ ಮನುಷ್ಯನ ದನಿ ಹೊರಡಿಸೋ ಹಟ ಅಲ್ಲೇ ಕಾಣ್ತದ.

ಈಗ ಹಾಡಿನ ಕಟ್ಟು ನೋಡ್ರಿ. ಹೆಚ್ಚಿನ ಬ್ಲೂಸ್ ಹಾಡಿಗೆ 12 ಬಾರ್. ಒಂದು ಬಾರಿಗೆ 4 ಎಣಿಕೆ. ನಾಲ್ಕು ನಾಲ್ಕು ಬಾರಿನ ಮೂರು ಸಾಲು. ಮೊದಲ ಸಾಲು ಹಾಡ್ತಾರ, ಎರಡನೇದರಾಗ ಅದನ್ನೇ ಮತ್ತ ಹಾಡ್ತಾರ, ಮೂರನೇದರಾಗ ಮಾತು ಮುಗಿಸ್ತಾರ. ಪ್ರತಿ ಸಾಲಿನಾಗ ಮಾತು ಸುಮಾರು ಎರಡು ಬಾರಿಗೇ ಮುಗೀತದ. ಉಳಿದ ಎರಡು ಬಾರ್ ಖಾಲಿ. ಆ ಖಾಲಿ ಜಾಗನೇ ಲಿಕ್ಕಿನ ಮನಿ. ಹಾಡಿದವರಿಗೆ ಗಿಟಾರ್ ಅಲ್ಲಿ ಉತ್ತರ ಕೊಡ್ತದ.

ಬಿ. ಬಿ. ಕಿಂಗ್ ಅವರನ್ನ ಕೇಳ್ರಿ. 1925ರಲ್ಲಿ ಮಿಸಿಸಿಪ್ಪಿಯಲ್ಲಿ ಹುಟ್ಟಿದವರು, ಹತ್ತಿ ಬಿಡಿಸಿ ಬೆಳೆದವರು. ತಮ್ಮ ಗಿಟಾರಿಗೆ ಲುಸಿಲ್ ಅಂತ ಹೆಸರಿಟ್ಟಿದ್ದರು. ತಾವು ಹಾಡುವಾಗ ಲುಸಿಲ್ ಸುಮ್ಮನಿರ್ತಿತ್ತು. ಲುಸಿಲ್ ಮಾತಾಡುವಾಗ ಅವರು ಸುಮ್ಮನಿರ್ತಿದ್ದರು. ಕಡಿಮೆ ಸ್ವರ, ಒಂದೊಂದು ಸ್ವರದಾಗೂ ನಡುಕ. ಅಷ್ಟರಾಗ ಜಗತ್ತು ಗೆದ್ದರು.

ಇನ್ನು ಕೈಗೆ ಕೆಲಸ. ಎ ಶ್ರುತಿಯಿಂದ ಸುರು ಮಾಡ್ರಿ. ಮೈನರ್ ಪೆಂಟಾಟಾನಿಕ್ ಅಂದ್ರ ಐದೇ ಸ್ವರ: ಎ, ಸಿ, ಡಿ, ಇ, ಜಿ. ಐದನೇ ಫ್ರೆಟ್ ಹತ್ರ ತೋರುಬೆರಳು ಇಟ್ರ ಎಲ್ಲಾ ಅಲ್ಲೇ ಸಿಗ್ತಾವ. ಡಿ ಮತ್ತು ಇ ನಡುವಿನ ಇ ಫ್ಲ್ಯಾಟ್ ಸೇರಿಸಿದ್ರ ಅದೇ ಬ್ಲೂಸ್ ಸ್ಕೇಲ್. ಆ ಸ್ವರದ ಮ್ಯಾಲೆ ಬಹಳ ಹೊತ್ತು ನಿಲ್ಲಬ್ಯಾಡ್ರಿ, ದಾಟಿ ಹೋಗ್ರಿ.

ಒಂದು ಲಿಕ್ ಹೇಳ್ತೀನಿ, ಬರಕೋರಿ. ಎಲ್ಲಕ್ಕಿಂತ ತೆಳ್ಳನ ತಂತಿ ಒಂದನೇದು.

ಮೂರನೇ ತಂತಿ ಏಳನೇ ಫ್ರೆಟ್ ಬಾರಿಸಿ ಮ್ಯಾಲಕ್ಕ ಬೆಂಡ್ ಮಾಡ್ರಿ. ಆಮೇಲೆ ಎರಡನೇ ತಂತಿ ಐದು. ಒಂದನೇ ತಂತಿ ಐದು. ಎರಡನೇ ತಂತಿ ಎಂಟು, ಮತ್ತ ಐದು. ಮೂರನೇ ತಂತಿ ಏಳು, ಆಮೇಲೆ ಐದು. ಕಡೀಕ ನಾಲ್ಕನೇ ತಂತಿ ಏಳು. ಅಲ್ಲಿ ಎ ಸಿಗ್ತದ, ಮನಿಗೆ ಬಂದಂಗ.

ಇದರಾಗ ಜೀವ ಇರೋದು ಮೊದಲನೇ ಬೆಂಡಿನಾಗ. ಅಲ್ಲಿ ಡಿ ಸ್ವರ ಏರಿ ಇ ಆಗಬೇಕು. ಸರಿ ಆತೋ ಇಲ್ಲೋ ಹ್ಯಾಂಗ ತಿಳೀತದ? ಎರಡನೇ ತಂತಿ ಐದನೇ ಫ್ರೆಟ್ಟಿನಾಗ ಅದೇ ಇ ಅದ. ಮೊದಲು ಅದನ್ನ ಬಾರಿಸಿ ಕಿವಿಗೆ ಹಾಕ್ಕೋರಿ, ಆಮೇಲೆ ಬೆಂಡ್ ಮಾಡಿ ಅಲ್ಲೀಗೆ ಮುಟ್ಟಿಸ್ರಿ. ಉಂಗುರ ಬೆರಳಿನಿಂದ ತಂತಿ ತಳ್ಳುವಾಗ ನಡುಬೆರಳು, ತೋರುಬೆರಳು ಹಿಂದಿನಿಂದ ಆಸರೆ ಕೊಡಲಿ. ಜೋರು ಬೆರಳಿನದಲ್ಲ, ಮಣಿಕಟ್ಟು ತಿರುಗೋದರದು. ತಂತಿ ದಪ್ಪ ಇದ್ರ ಬೆರಳು ನೋಯ್ತಾವ. ಎಲೆಕ್ಟ್ರಿಕ್ ಗಿಟಾರಿಗೆ 9 ಇಲ್ಲಾ 10 ನಂಬರಿನ ಸೆಟ್ ಹಾಕ್ರಿ. ಮೂರನೇ ತಂತಿ ಐದನೇ ಫ್ರೆಟ್ಟಿನ ಸಿ ಸ್ವರವನ್ನ ಒಂಚೂರೇ ಎಳೀರಿ. ಪೂರ್ತಿ ಅಲ್ಲ, ಹಾರ್ಮೋನಿಯಂ ಮನೆಗಳ ನಡುವೆ ಬೀಳುವಷ್ಟು. ಬ್ಲೂಸಿನ ನೋವು ಅಲ್ಲಿ ಅದ.

ಎಡಗೈಯವರು ಹೆದರಬ್ಯಾಡ್ರಿ. ಆಲ್ಬರ್ಟ್ ಕಿಂಗ್ ಎಡಚರು. ಬಲಗೈ ಗಿಟಾರನ್ನ ತಿರುವಿ ಹಿಡಿದು, ತಂತಿ ಬದಲಿಸದೆ, ಕೆಳಕ್ಕ ಎಳೆದು ಬೆಂಡ್ ಮಾಡ್ತಿದ್ದರು. ತಂಗಿಯರೂ ಹಿಂದ ಸರಿಯಬ್ಯಾಡ್ರಿ. ಮೆಂಫಿಸ್ ಮಿನ್ನಿ 1929ರಿಂದಲೇ ರೆಕಾರ್ಡ್ ಮಾಡಿದ ಗಿಟಾರ್ ವಾದಕಿ. ಸಿಸ್ಟರ್ ರೊಸೆಟ್ಟಾ ಥಾರ್ಪ್ ಕೈಯಾಗ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಭಕ್ತಿಗೀತೆ ಹಾಡಿದ ಮೇಲೆ ಅದನ್ನ ಕೇಳಿ ರಾಕ್ ಅಂಡ್ ರೋಲ್ ಕಲಿತವರು ಎಷ್ಟೋ ಮಂದಿ.

ಈ ಒಂದೇ ಲಿಕ್ಕಿನ ಜೋಡಿ ಒಂದು ವಾರ ಇರ್ರಿ. ಮೊದಲು ಬಾಯಿಲೆ ಹಾಡ್ರಿ, ಆಮೇಲೆ ಬಾರಿಸ್ರಿ. ಬಾಯಿಗೆ ಬರದ್ದು ಬೆರಳಿಗೆ ಬಂದ್ರೂ ಮಗ್ಗಿನೇ ಆಗ್ತದ. ಒಂದು ಎಣಿಕೆ ತಡ ಮಾಡಿ ಸುರು ಮಾಡ್ರಿ. ಅರ್ಧಕ್ಕ ನಿಲ್ಲಿಸ್ರಿ. ಕಡೀ ಸ್ವರ ಒಂದನ್ನೇ ಬದಲಿಸ್ರಿ: ಹಿಂದ ಎ ಕಾರ್ಡ್ ಇದ್ರ ಎ ಮ್ಯಾಲೆ ನಿಲ್ರಿ, ಡಿ ಕಾರ್ಡಿಗೆ ಡಿ, ಇ ಕಾರ್ಡಿಗೆ ಇ. ಹಾಡುವವರ ಶ್ರುತಿ ಜಿ ಇದ್ರ ಇದೇ ಆಕಾರ ಮೂರನೇ ಫ್ರೆಟ್ಟಿಗೆ ಒಯ್ರಿ, ಸಿ ಇದ್ರ ಎಂಟಕ್ಕ. ಒಂದು ಲಿಕ್ ಹಿಂಗ ಹತ್ತು ಆಗ್ತದ. ಮೊಬೈಲಿನಾಗ ಹಾಡು ನಿಧಾನ ಮಾಡಿ ಕೇಳೋ ಸೌಲಭ್ಯ ಅದ, ಬಳಸ್ರಿ. ಕಿವೀಲೆ ಹಿಡದದ್ದು ಉಳೀತದ.

ಇನ್ನೊಂದು ಮಾತು, ಇದು ಮುಖ್ಯ. ಲಿಕ್ ಕಲೀರಿ, ಕಲಿಸಿದವರ ಹೆಸರು ನುಂಗಬ್ಯಾಡ್ರಿ. ಮಡ್ಡಿ ವಾಟರ್ಸ್ ಮಿಸಿಸಿಪ್ಪಿಯ ಹತ್ತಿ ತೋಟದಲ್ಲಿ ದುಡಿದು 1943ರಲ್ಲಿ ಶಿಕಾಗೋಗೆ ಹೋದರು, ಅಲ್ಲಿ ಎಲೆಕ್ಟ್ರಿಕ್ ಗಿಟಾರ್ ಹಿಡಿದರು. ಇಂಗ್ಲೆಂಡಿನ ರೋಲಿಂಗ್ ಸ್ಟೋನ್ಸ್ ತಂಡದ ಹೆಸರೇ ಅವರ ಹಾಡಿನದು. ಅವರಿಗಾಗಿ ಹಾಡು ಬರೆದ ವಿಲ್ಲಿ ಡಿಕ್ಸನ್, ತಮ್ಮ ಹಾಡಿನ ಮಾತು ಲೆಡ್ ಝೆಪ್ಪೆಲಿನ್ ತಂಡದ 1969ರ ಹಾಡಿನಲ್ಲಿ ತಮ್ಮ ಹೆಸರಿಲ್ಲದೆ ಬಂದಿದೆ ಎಂದು 1985ರಲ್ಲಿ ದಾವೆ ಹೂಡಬೇಕಾಯಿತು. 1987ರಲ್ಲಿ ನ್ಯಾಯಾಲಯದ ಹೊರಗೆ ರಾಜಿಯಾಯಿತು. ಹಾಡಿಗೆ ಜಗತ್ತೇ ಕುಣಿದರೂ ಕಟ್ಟಿದವನ ಹೆಸರು ಬರಲು ಹತ್ತಾರು ವರ್ಷ ಬೇಕಾಯಿತು. ದುಡಿಮೆ ಒಬ್ಬರದು, ಹೆಸರು ಇನ್ನೊಬ್ಬರದು ಅನ್ನೋದು ಏನು ಅಂತ ಈ ಸಭೆಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಆ ಜನರಿಗೂ ನಮಗೂ ನಂಟು ಹೊಸದಲ್ಲ. 1946ರಲ್ಲಿ ಬಾಬಾಸಾಹೇಬರು ಅಮೆರಿಕದ ಕಪ್ಪು ಜನರ ದೊಡ್ಡ ವಿದ್ವಾಂಸ ಡಬ್ಲ್ಯೂ. ಇ. ಬಿ. ಡು ಬೊಯಿಸ್ ಅವರಿಗೆ ಪತ್ರ ಬರೆದಿದ್ದರು. 1972ರಲ್ಲಿ ಮುಂಬೈಯಲ್ಲಿ ಹುಟ್ಟಿದ ದಲಿತ ಪ್ಯಾಂಥರ್ ತನ್ನ ಹೆಸರನ್ನು ಅಲ್ಲಿನ ಬ್ಲ್ಯಾಕ್ ಪ್ಯಾಂಥರ್‌ನಿಂದ ಪಡೆಯಿತು. ಹಂಗಾಗಿ ಅವರ ಲಿಕ್ ಕಲಿಯುವಾಗ ಕದ್ದವರಂಗ ಅಲ್ಲ, ಬೀಗರ ಮನಿಗೆ ಹೋದವರಂಗ ಹೋಗ್ರಿ. ಇದು ಯಾರಿಂದ ಕಲಿತದ್ದು ಅಂತ ಕೇಳಿದವರಿಗೆ ಹೇಳ್ರಿ.

ಕಡೀಗೆ ನಮ್ಮ ಸ್ವಂತ ಕಾರ್ಯಕ್ರಮದ ಮಾತು. ನಮ್ಮ ಹಾಡುಗಾರರು ಮರಾಠಿಯಾಗ ಹಾಡ್ಲಿ, ಕನ್ನಡದಾಗ ಹಾಡ್ಲಿ, ಅವರು ಹೇಳೋ ಮಾತು ಹಿಂದಿನ ಸಾಲಿನಾಗ ಕುಂತ ಆಯಿಗೂ ಕೇಳಬೇಕು. ಆ ಮಾತಿನ ಮ್ಯಾಲೆ ಗಿಟಾರ್ ಸುರಿದ್ರ ನಾವೇ ನಮ್ಮ ಬಾಯಿ ಮುಚ್ಚಿದಂಗ. ಅವರು ಹಾಡುವಾಗ ಕೈ ತಂತಿ ಮ್ಯಾಲಿಂದ ತಗೀರಿ, ಸಾಲು ಮುಗಿಯೂತನಕ ಕೇಳ್ರಿ, ಆಮೇಲೆ ಉತ್ತರ ಕೊಡ್ರಿ. ಐದು ಸ್ವರ ಸಾಕು.