ಕೊರೋನಾ ಕಾಲದ ಸುಳ್ಳು ಸುದ್ದಿ: ಅಳಿಸಿದರೆ ಸಾಕೇ?

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು 2004ರಲ್ಲಿ ಈ ಶಾಲೆಯಿಂದ ಎಸ್‌ಎಸ್‌ಎಲ್‌ಸಿ ಮುಗಿಸಿದವನು. ಮುಂದೆ ಬಿಇ ಓದಿ, ಈಗ ಬೆಂಗಳೂರಿನಲ್ಲಿ ಬ್ಯಾಂಕುಗಳಿಗೆ ತಂತ್ರಾಂಶ ಬರೆಯುವ ಕೆಲಸದಲ್ಲಿದ್ದೇನೆ. ಸಮಿತಿಯವರು ನನಗೆ ಕೊಟ್ಟ ವಿಷಯ 'ಮೊಬೈಲ್ ಮತ್ತು ಸಮಾಜ'. ಇಷ್ಟು ದೊಡ್ಡ ಕಣವನ್ನು ಇಪ್ಪತ್ತು ನಿಮಿಷದಲ್ಲಿ ಗುಡಿಸಲು ಆಗುವುದಿಲ್ಲ, ಒಂದು ಮೂಲೆ ಹಿಡಿಯುತ್ತೇನೆ. ಮಹಾಮಾರಿ ಬಂದಾಗ ಯೂಟ್ಯೂಬ್, ಫೇಸ್‌ಬುಕ್, ವಾಟ್ಸ್ಆ್ಯಪ್‌ನಂಥ ಕಂಪನಿಗಳು ಆರೋಗ್ಯದ ಬಗೆಗಿನ ಸುಳ್ಳು ಸುದ್ದಿಯನ್ನು ಅಳಿಸಿ ಹಾಕಬೇಕೇ ಎನ್ನುವುದು ನನ್ನ ಪ್ರಶ್ನೆ. ಆ ಕಂಪನಿಗಳಲ್ಲಿ ನಾನು ಕೆಲಸ ಮಾಡಿದವನಲ್ಲ. ಆದರೆ ಅವರ ಯಂತ್ರಗಳು ಹೇಗೆ ನಡೆಯುತ್ತವೆ ಎಂಬುದು ನನ್ನ ಕಸುಬಿಗೆ ಹತ್ತಿರದ ವಿಷಯ.

"ಅಳಿಸಬೇಕು, ಇದರಲ್ಲಿ ಕೇಳೋದೇನಿದೆ?" ಎಂದು ನಿಮ್ಮಲ್ಲಿ ಹಲವರಿಗೆ ಅನಿಸಿರಬಹುದು. ಹಾಗೆ ಅನಿಸಲು ಕಾರಣವಿದೆ. 2020ರ ಫೆಬ್ರವರಿ, ಮಾರ್ಚ್ ನೆನಪು ಮಾಡಿಕೊಳ್ಳಿ. ನಮ್ಮ ಜಿಲ್ಲೆಗಳಲ್ಲಿ ಕೊರೋನಾ ಇನ್ನೂ ಕಾಲಿಟ್ಟಿರಲಿಲ್ಲ. ಅದಕ್ಕೆ ಮೊದಲೇ 'ಕೋಳಿ ತಿಂದರೆ ಕೊರೋನಾ' ಎಂಬ ಚಿತ್ರಗಳು ಮೊಬೈಲಿಗೆ ಬಂದವು. ಕೋಳಿ ದರ ನೆಲ ಕಚ್ಚಿತು. ಬೆಳಗಾವಿ ಜಿಲ್ಲೆಯಲ್ಲಿ ಕೋಳಿ ಸಾಕಿದವರೊಬ್ಬರು ಮೇವಿನ ಖರ್ಚೂ ಹುಟ್ಟದೆ ಸಾವಿರಾರು ಕೋಳಿಗಳನ್ನು ಜೀವಂತ ಗುಂಡಿಗೆ ಹಾಕಿ ಮುಚ್ಚಿದರು. ಆ ವಿಡಿಯೊ ನೀವೂ ನೋಡಿರುತ್ತೀರಿ. ಮರುವರ್ಷ ಎರಡನೇ ಅಲೆಯಲ್ಲಿ ಮೂಗಿಗೆ ನಿಂಬೆರಸ ಬಿಟ್ಟುಕೊಂಡರೆ ಆಮ್ಲಜನಕ ಏರುತ್ತದೆ ಎಂದು ಹಬ್ಬಿತು. ರಾಯಚೂರು ಜಿಲ್ಲೆಯಲ್ಲಿ ಶಿಕ್ಷಕರೊಬ್ಬರು ಹಾಗೆ ಮಾಡಿಕೊಂಡ ಬಳಿಕ ತೀರಿಕೊಂಡರೆಂದು ಪತ್ರಿಕೆಗಳಲ್ಲಿ ಬಂತು. ಇರಾನ್ ದೇಶದಲ್ಲಂತೂ ಮದ್ಯ ಕುಡಿದರೆ ರೋಗ ಬರುವುದಿಲ್ಲ ಎಂದು ನಂಬಿ, ಕಳ್ಳಭಟ್ಟಿಯಲ್ಲಿ ಸೇರಿದ್ದ ಮೆಥನಾಲ್ ಕುಡಿದು ನೂರಾರು ಜನ ಸತ್ತರು.

ಇದನ್ನು ಕುಡಿ, ಅದನ್ನು ಮೂಗಿಗೆ ಬಿಡು, ಡಾಕ್ಟರು ಕೊಟ್ಟ ಔಷಧಿ ನಿಲ್ಲಿಸು ಎಂದು ಹೇಳಿ ಮೈಗೆ ನೇರವಾಗಿ ಅಪಾಯ ತರುವ ಮಾತುಗಳನ್ನು ಅಳಿಸಬೇಕು. ಇದರಲ್ಲಿ ನನಗೆ ಅನುಮಾನವಿಲ್ಲ. ಅಂಗಡಿಯವನು ವಿಷದ ಬಾಟಲಿಯನ್ನು ಷರಬತ್ತಿನ ಪಕ್ಕ ಇಟ್ಟರೆ ನಾವು ಅವನ ವಾಕ್ ಸ್ವಾತಂತ್ರ್ಯ ಕೇಳಿಕೊಂಡು ಕೂರುವುದಿಲ್ಲ.

ತೊಡಕು ಶುರುವಾಗುವುದು ಅದರಾಚೆಗೆ. 2020ರ ಮಾರ್ಚ್ 28ರಂದು ವಿಶ್ವ ಆರೋಗ್ಯ ಸಂಸ್ಥೆ, ಕೋವಿಡ್ ಗಾಳಿಯಲ್ಲಿ ಹರಡುವ ರೋಗವಲ್ಲ, ಇದು ಸತ್ಯಾಂಶ ಎಂದು ಟ್ವಿಟರ್‌ನಲ್ಲಿ ಪ್ರಕಟಿಸಿತು. ಅದೇ ವರ್ಷ ಜುಲೈನಲ್ಲಿ 239 ವಿಜ್ಞಾನಿಗಳು, ಗಾಳಿಯಲ್ಲಿ ಹರಡುತ್ತದೆ, ದಯವಿಟ್ಟು ಒಪ್ಪಿಕೊಳ್ಳಿ ಎಂದು ಬಹಿರಂಗ ಪತ್ರ ಬರೆದರು. ಸಂಸ್ಥೆ ನಿಧಾನವಾಗಿ ತನ್ನ ಮಾತು ಬದಲಿಸಿತು. ಮುಖಗವಸಿನ ಕಥೆಯೂ ಇದೇ. ಮೊದಲು ಆರೋಗ್ಯವಂತರಿಗೆ ಬೇಡ ಎಂದರು, ಜೂನ್ ಹೊತ್ತಿಗೆ ಬೇಕು ಎಂದರು. ಇದನ್ನು ಹೇಳಿ ಆ ಸಂಸ್ಥೆಯನ್ನು ಹಂಗಿಸುವುದು ನನ್ನ ಉದ್ದೇಶವಲ್ಲ. ಹೊಸ ರೋಗದ ಮುಂದೆ ವಿಜ್ಞಾನ ನಡೆಯುವುದೇ ಹಾಗೆ. ಆದರೆ ಯೂಟ್ಯೂಬ್ 2020ರ ಮೇ ತಿಂಗಳಲ್ಲಿ ತಂದ ನಿಯಮ, ಆರೋಗ್ಯ ಸಂಸ್ಥೆಯ ಮಾತಿಗೆ ವಿರುದ್ಧವಾದದ್ದನ್ನು ತೆಗೆಯುತ್ತೇವೆ ಎನ್ನುವಂಥದು. ಆರೋಗ್ಯ ಸಂಸ್ಥೆ ಹಿಂದಿದ್ದು ವಿಜ್ಞಾನಿಗಳು ಮುಂದಿದ್ದ ಆ ತಿಂಗಳುಗಳಲ್ಲಿ, ಇಂಥ ನಿಯಮವನ್ನು ಅಕ್ಷರಶಃ ಪಾಲಿಸಿದರೆ ಬಾಯಿ ಮುಚ್ಚಬೇಕಾಗುವುದು ಯಾರು?

ಇನ್ನೊಂದು ಉದಾಹರಣೆ. ಕೊರೋನಾ ವೈರಸ್ ಮನುಷ್ಯ ನಿರ್ಮಿತ ಎಂದು ಬರೆದರೆ ತೆಗೆಯುತ್ತೇವೆ ಎಂದು ಫೇಸ್‌ಬುಕ್ 2021ರ ಫೆಬ್ರವರಿಯಲ್ಲಿ ಹೇಳಿತು. ಮೇ ತಿಂಗಳಲ್ಲಿ, ಇನ್ನು ತೆಗೆಯುವುದಿಲ್ಲ ಎಂದಿತು. ವೈರಸ್ ಎಲ್ಲಿಂದ ಬಂತೆಂಬುದು ಆ ಮೂರು ತಿಂಗಳಲ್ಲಿ ಇತ್ಯರ್ಥವಾಗಿರಲಿಲ್ಲ. ಇತ್ತ ಟ್ವಿಟರ್, ಮಾಲೀಕರು ಬದಲಾದ ಮೇಲೆ 2022ರ ನವೆಂಬರಿನಲ್ಲಿ ತನ್ನ ಕೋವಿಡ್ ನಿಯಮವನ್ನೇ ಕೈಬಿಟ್ಟಿತು. ನಿಯಮ ಮೀರಿದ್ದಕ್ಕೆ ಹೊರಹಾಕಿದ್ದ ಚಾನೆಲ್‌ನವರಿಗೆ ಮರಳಿ ಬರಲು ದಾರಿ ಮಾಡಿಕೊಡುತ್ತೇವೆ ಎಂದು ಯೂಟ್ಯೂಬ್‌ನ ಮಾತೃಸಂಸ್ಥೆ 2025ರ ಸೆಪ್ಟೆಂಬರಿನಲ್ಲಿ ಹೇಳಿತು. ಅಮೆರಿಕದಲ್ಲಿ ಗಾಳಿ ಬೀಸಿದ ಕಡೆಗೆ ಇವರ ಸತ್ಯ ವಾಲುತ್ತದೆ. ನಮ್ಮೂರಿನ ಜನ ಏನು ಓದಬೇಕು, ಏನು ಓದಬಾರದು ಎಂಬುದು ಆ ಗಾಳಿಯ ಮೇಲೆ ನಿಲ್ಲುವುದು ನನಗೆ ಸರಿ ಕಾಣುವುದಿಲ್ಲ.

ಈಗ ನನ್ನ ಕಸುಬಿನ ಮಾತು. ಬ್ಯಾಂಕಿನಲ್ಲಿ ಮೋಸದ ವ್ಯವಹಾರ ಹಿಡಿಯಲು ನಾವು ಒಂದು ಜರಡಿ ಇಟ್ಟಿರುತ್ತೇವೆ. ಜರಡಿಯ ಕಣ್ಣು ದೊಡ್ಡದಾದರೆ ಕಳ್ಳ ನುಸುಳುತ್ತಾನೆ. ಸಣ್ಣದು ಮಾಡಿದರೆ ಮಗಳ ಫೀಸು ಕಟ್ಟಲು ಹೊರಟ ರೈತನ ಹಣವೂ ನಿಲ್ಲುತ್ತದೆ. ಎರಡೂ ತಪ್ಪಾಗದಂಥ ಜರಡಿಯನ್ನು ಇದುವರೆಗೆ ಯಾರೂ ಮಾಡಿಲ್ಲ. ನಿಂತ ಹಣದ ಬಗ್ಗೆ ವಿಚಾರಿಸಲು ರೈತನಿಗೆ ಒಂದು ಶಾಖೆ ಇದೆ, ಒಬ್ಬ ಮ್ಯಾನೇಜರ್ ಇದ್ದಾರೆ. ವಿಡಿಯೊ ಕಳೆದುಕೊಂಡವನಿಗೆ ಯಾರಿದ್ದಾರೆ? 2020ರಲ್ಲಿ ಯೂಟ್ಯೂಬ್ ತನ್ನ ಪರಿಶೀಲಕರನ್ನು ಮನೆಗೆ ಕಳಿಸಿ ಕೆಲಸವನ್ನು ಹೆಚ್ಚಾಗಿ ಯಂತ್ರಕ್ಕೆ ಒಪ್ಪಿಸಿತ್ತು. ಆ ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರೇ ತಿಂಗಳಲ್ಲಿ ಎಲ್ಲ ಬಗೆಯವೂ ಸೇರಿ ಸುಮಾರು 1.14 ಕೋಟಿ ವಿಡಿಯೊಗಳು ಹೋದವು. ಮೇಲ್ಮನವಿ ಹಾಕಿದವರ ಪೈಕಿ ಹತ್ತಿರ ಹತ್ತಿರ ಅರ್ಧದಷ್ಟು ವಿಡಿಯೊಗಳು ತಪ್ಪಾಗಿ ಹೋದವೆಂದು ವಾಪಸ್ ಬಂದವು. ಮೇಲ್ಮನವಿ ಹಾಕಬಹುದು ಎಂದು ಗೊತ್ತಿಲ್ಲದವರ ಗತಿ ನೀವೇ ಊಹಿಸಿ.

ಇದಕ್ಕೆ ಭಾಷೆಯ ತೊಂದರೆಯನ್ನೂ ಸೇರಿಸಿಕೊಳ್ಳಿ. 2021ರಲ್ಲಿ ಹೊರಬಿದ್ದ ಫೇಸ್‌ಬುಕ್‌ನ ಒಳಗಿನ ಕಾಗದಪತ್ರಗಳಲ್ಲಿ, ಹಿಂದಿ ಮತ್ತು ಬಂಗಾಳಿಯ ದ್ವೇಷದ ಬರಹಗಳನ್ನು ಗುರುತಿಸುವ ವ್ಯವಸ್ಥೆ ಸಾಲದೆ ಬಹಳಷ್ಟು ಪತ್ತೆಯಾಗದೆ ಉಳಿಯುತ್ತಿತ್ತು ಎಂಬ ಮಾತಿದೆ. ಹಿಂದಿಗೇ ಹೀಗಾದರೆ ಕನ್ನಡಕ್ಕೆ? ಅದೂ ಪುಸ್ತಕದ ಕನ್ನಡವಲ್ಲ, ನಮ್ಮ ಮಾತಿನ ಕನ್ನಡ, ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿದ ಕನ್ನಡ, ಧ್ವನಿ ಸಂದೇಶದ ಕನ್ನಡ. ಅಂದರೆ ಹಿಡಿಯಬೇಕಾದದ್ದು ತಪ್ಪಿಸಿಕೊಳ್ಳುತ್ತದೆ, ಹಿಡಿಯಬಾರದ್ದು ಸಿಕ್ಕಿಬೀಳುತ್ತದೆ.

ಇನ್ನು ಸರ್ಕಾರದ ಕೈ. 2021ರ ಏಪ್ರಿಲ್ ತಿಂಗಳನ್ನು ಯಾರೂ ಮರೆತಿರಲಾರರು. ನಮ್ಮ ಬ್ಯಾಚಿನ ಗುಂಪಿನಲ್ಲೇ ದಿನಕ್ಕೆ ಹತ್ತಾರು ಸಂದೇಶ ಬರುತ್ತಿದ್ದವು: ಎಲ್ಲಾದರೂ ಒಂದು ಆಕ್ಸಿಜನ್ ಬೆಡ್ ಇದೆಯಾ, ಸಿಲಿಂಡರ್ ಸಿಗುತ್ತಾ, ಯಾರಿಗೆ ಫೋನ್ ಮಾಡಲಿ. ಅರ್ಧ ನಂಬರು ಎತ್ತುತ್ತಿರಲಿಲ್ಲ, ಕೆಲವು ಶುದ್ಧ ಮೋಸ. ಆದರೂ ಅದೇ ಗುಂಪಿನಿಂದ ಬೆಡ್ ಸಿಕ್ಕಿ ಬದುಕಿ ಬಂದವರು ಈ ಸಭೆಯಲ್ಲಿದ್ದಾರೆ. ಅದೇ ತಿಂಗಳು ಕೇಂದ್ರ ಸರ್ಕಾರ ಐವತ್ತರಷ್ಟು ಟ್ವೀಟುಗಳನ್ನು ತಡೆಯುವಂತೆ ಟ್ವಿಟರ್‌ಗೆ ಹೇಳಿತು. ಹಳೆಯ ಚಿತ್ರ ಹಾಕಿ ಭಯ ಹುಟ್ಟಿಸುತ್ತಿದ್ದಾರೆ ಎಂಬುದು ಸರ್ಕಾರದ ಸಮರ್ಥನೆ. ಆದರೆ ಆ ಪಟ್ಟಿಯಲ್ಲಿ ಕೋವಿಡ್ ನಿರ್ವಹಣೆಯನ್ನು ಟೀಕಿಸಿದವೂ ಇದ್ದವು. ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್, ಬೆಡ್ ಬೇಕು, ಆಕ್ಸಿಜನ್ ಬೇಕು ಎಂದು ಜಾಲತಾಣದಲ್ಲಿ ಕೂಗಿಕೊಂಡವರ ಬಾಯಿ ಕಟ್ಟಬಾರದು, ಹಾಗೆ ಮಾಡಿದರೆ ನ್ಯಾಯಾಂಗ ನಿಂದನೆ ಎಂದು ಪರಿಗಣಿಸುತ್ತೇವೆ ಎಂದು ಸ್ಪಷ್ಟವಾಗಿ ಹೇಳಬೇಕಾಯಿತು. ಯಾವ ಪಕ್ಷದ ಸರ್ಕಾರ ಎಂಬುದು ಇಲ್ಲಿ ಮುಖ್ಯವಲ್ಲ. ಅಳಿಸುವ ರಬ್ಬರು ಕೈಗೆ ಸಿಕ್ಕಮೇಲೆ ಅದು ಸುಳ್ಳಿನ ಮೇಲಷ್ಟೇ ಓಡುವುದಿಲ್ಲ, ಮುಜುಗರದ ಮೇಲೂ ಓಡುತ್ತದೆ.

ಇಷ್ಟೆಲ್ಲ ಹೇಳಿದರೂ ನಮ್ಮೂರಿಗೆ ಸಂಬಂಧಿಸಿದ ದೊಡ್ಡ ಸಂಗತಿ ಬಾಕಿ ಇದೆ. ನಮ್ಮಲ್ಲಿ ಸುದ್ದಿ ಓಡಾಡುವುದು ಹೆಚ್ಚಾಗಿ ವಾಟ್ಸ್ಆ್ಯಪ್‌ನಲ್ಲಿ. ಅಲ್ಲಿ ಅಳಿಸುವ ಪ್ರಶ್ನೆಯೇ ಬೇರೆ. ನೀವು ಕಳಿಸಿದ ಸಂದೇಶಕ್ಕೆ ನಿಮ್ಮ ಫೋನಿನಲ್ಲೇ ಬೀಗ ಬೀಳುತ್ತದೆ. ಅದರ ಕೀಲಿ ಇರುವುದು ಪಡೆಯುವವರ ಫೋನಿನಲ್ಲಿ ಮಾತ್ರ. ನಡುವೆ ಕಂಪನಿ ಅಂಚೆಯಣ್ಣನಂತೆ, ಅಂಟಿಸಿದ ಲಕೋಟೆ ಹೊರುತ್ತದೆ, ಒಳಗಿನದನ್ನು ಓದಲಾರದು. ಓದಲಾಗದ್ದನ್ನು ಸುಳ್ಳೆಂದು ತೆಗೆಯುವುದು ಹೇಗೆ? ಬೀಗ ತೆಗೆಸಿ ಎನ್ನುವವರಿದ್ದಾರೆ. ಹಾಗೆ ಮಾಡಿದರೆ ಡಾಕ್ಟರಿಗೆ ಕಳಿಸಿದ ನಿಮ್ಮ ರಿಪೋರ್ಟೂ ಬಯಲಾಗುತ್ತದೆ.

ಆದರೆ ಲಕೋಟೆ ಒಡೆಯದೆ ಮಾಡಬಹುದಾದ ಒಂದು ಕೆಲಸವಿದೆ. ಅದರ ಹಿಂದೆ ನಮ್ಮ ರಾಜ್ಯದ ಒಂದು ನೋವಿನ ಘಟನೆಯಿದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಹೈದರಾಬಾದಿನ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಗುಂಪು ಹೊಡೆದು ಕೊಂದಿತು. ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದು ನೆಪ, ಹಬ್ಬಿಸಿದ್ದು ವಾಟ್ಸ್ಆ್ಯಪ್. ಸತ್ತವನು ನನ್ನ ಹಾಗೇ ಸಾಫ್ಟ್‌ವೇರ್ ಎಂಜಿನಿಯರ್. ದೇಶದ ಹಲವೆಡೆ ಇಂಥ ಕೊಲೆಗಳಾದ ಮೇಲೆ, ಅದೇ ತಿಂಗಳು ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಮುಂದೂಡಬಹುದು ಎಂಬ ಮಿತಿ ಹಾಕಲು ಮುಂದಾಯಿತು. ಕೊರೋನಾ ಬಂದಾಗ, 2020ರ ಏಪ್ರಿಲ್‌ನಲ್ಲಿ, ಐದು ಅಥವಾ ಅದಕ್ಕಿಂತ ಹೆಚ್ಚು ಕೈ ದಾಟಿ ಬಂದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳಿಸಬಹುದು ಎಂದು ಬಿಗಿ ಮಾಡಿತು. ಎಷ್ಟು ಕೈ ದಾಟಿದೆ ಎಂಬ ಲೆಕ್ಕ ಸಂದೇಶದ ಜೊತೆಗೇ ಸಾಗುತ್ತದೆ, ನೀವು ನೋಡುವ ಜೋಡಿ ಬಾಣದ ಗುರುತು ಅದೇ. ಅಂಥ ಸಂದೇಶಗಳ ಓಡಾಟ ಶೇ 70ರಷ್ಟು ಇಳಿಯಿತು ಎಂದು ಕಂಪನಿ ಹೇಳಿತು. ಯಾರ ಮಾತನ್ನೂ ಅಳಿಸಲಿಲ್ಲ, ಓಟವನ್ನು ನಡಿಗೆಗೆ ಇಳಿಸಿದರು, ಅಷ್ಟೆ. ನನಗೆ ಈ ದಾರಿ ಹೆಚ್ಚು ಒಪ್ಪಿಗೆ.

ಯೂಟ್ಯೂಬ್, ಫೇಸ್‌ಬುಕ್‌ಗೂ ಇದೇ ಮಾತು ಅನ್ವಯಿಸುತ್ತದೆ. ಯಾರೋ ಒಬ್ಬ ತನ್ನ ತಿಳಿವಳಿಕೆಯಷ್ಟು ಮಾತಾಡಿ ವಿಡಿಯೊ ಹಾಕಿದ, ಅದು ಅವನ ಮಾತು. ಅದನ್ನು ಕೇಳದೇ ಇದ್ದ ಹತ್ತು ಲಕ್ಷ ಜನರ ಮುಂದೆ 'ಮುಂದಿನ ವಿಡಿಯೊ' ಎಂದು ತಂದಿಟ್ಟು ನಡುವೆ ಜಾಹೀರಾತು ತೋರಿಸಿ ದುಡ್ಡು ಮಾಡುವುದು ಕಂಪನಿಯ ಕೆಲಸ. ಅಲ್ಲಿ ಕಂಪನಿಯ ಕೊರಳಪಟ್ಟಿ ಹಿಡಿದು ಕೇಳಬಹುದು. ತಂದಿಡುವುದನ್ನು ನಿಲ್ಲಿಸಲಿ, ಜಾಹೀರಾತಿನ ಹಣ ನಿಲ್ಲಿಸಲಿ, ಕೆಳಗೆ ವೈದ್ಯರ ಮಾಹಿತಿ ಹಾಕಲಿ. ಪ್ರಾಣಾಪಾಯದ್ದನ್ನು ಅಳಿಸಿದಾಗಲೂ ಯಾವ ಕಾರಣಕ್ಕೆ, ಯಾರ ಮಾತಿನ ಮೇಲೆ ಎಂಬುದನ್ನು ಕನ್ನಡದಲ್ಲಿ ತಿಳಿಸಿ, ಕನ್ನಡದಲ್ಲೇ ಮೇಲ್ಮನವಿ ತೆಗೆದುಕೊಳ್ಳಲಿ.

ನಮ್ಮ ದೊಡ್ಡಪ್ಪನ ವಿಷಯ ಹೇಳುತ್ತೇನೆ, ಅವರ ಅಪ್ಪಣೆ ಪಡೆದೇ ಹೇಳುತ್ತಿದ್ದೇನೆ. 2021ರ ಮೇ ತಿಂಗಳಲ್ಲಿ ಒಂದು ಚಿತ್ರ ಎಲ್ಲೆಡೆ ಹರಿದಾಡಿತು. ಲಸಿಕೆ ಹಾಕಿಸಿಕೊಂಡವರೆಲ್ಲ ಎರಡು ವರ್ಷದಲ್ಲಿ ಸಾಯುತ್ತಾರೆ ಎಂದು ನೊಬೆಲ್ ಪ್ರಶಸ್ತಿ ಪಡೆದ ಫ್ರೆಂಚ್ ವಿಜ್ಞಾನಿ ಲುಕ್ ಮೊಂಟಾನ್ಯೆ ಹೇಳಿದ್ದಾರೆ ಎಂದು ಅದರಲ್ಲಿತ್ತು. ಅವರಿಗೆ 2008ರಲ್ಲಿ ನೊಬೆಲ್ ಬಂದದ್ದು ನಿಜ. ಸಂದರ್ಶನವೊಂದರಲ್ಲಿ ಸಾಮೂಹಿಕ ಲಸಿಕೆಯನ್ನು ಟೀಕಿಸಿದ್ದೂ ನಿಜ. 'ಎರಡು ವರ್ಷ' ಮಾತ್ರ ಯಾರೋ ಸೇರಿಸಿದ್ದು. ಆ ಚಿತ್ರ ಸುಳ್ಳೆಂದು ಕೇಂದ್ರ ಸರ್ಕಾರದ ಪಿಐಬಿ ಕೂಡಲೇ ಹೇಳಿತು. ಸಂದರ್ಶನ ಅಳಿಸಿದರೆ ಈ ಸಾಲು ಹೋಗುತ್ತಿರಲಿಲ್ಲ, 'ನೋಡಿದ್ರಾ, ಮುಚ್ಚಿಡ್ತಿದ್ದಾರೆ' ಎಂಬ ಇನ್ನೊಂದು ಸಾಲು ಸೇರುತ್ತಿತ್ತು. ದೊಡ್ಡಪ್ಪ ಲಸಿಕೆ ಬೇಡವೆಂದು ಪಟ್ಟು ಹಿಡಿದರು. ನಮ್ಮ ಫೋನು, ನಮ್ಮ ಲಿಂಕು ಯಾವುದೂ ನಡೆಯಲಿಲ್ಲ.

ಒಂದು ಸಂಜೆ ನಮ್ಮೂರಿನ ಆಶಾ ಕಾರ್ಯಕರ್ತೆ ಜಗಲಿ ಮೇಲೆ ಬಂದು ಕೂತರು. ಚಿತ್ರವನ್ನು ಪೂರ್ತಿ ಓದಿಸಿ ಕೇಳಿದರು. ಆಮೇಲೆ, "ದೊಡ್ಡಯ್ಯ, ನಾನು ಮೊದಲನೇದು ಹಾಕಿಸ್ಕೊಂಡು ನಾಲ್ಕು ತಿಂಗಳಾಯ್ತು. ಎರಡ್ ದಿನ ಜ್ವರ ಬಂತು, ಮೈಕೈ ನೋವಾಯ್ತು. ಸುಳ್ಳು ಹೇಳಲ್ಲ" ಎಂದರು. "ಎರಡು ವರ್ಷ ಆದ್ಮೇಲೆ?" ಎಂದು ದೊಡ್ಡಪ್ಪ ಕೇಳಿದರು. "ಆದ್ರೆ ಇಬ್ರೂ ಜೊತೇಲೇ ಹೋಗಾಣ ಬಿಡಿ, ದಾರೀಲಿ ಮಾತಿಗೆ ಆಗುತ್ತೆ" ಎಂದರಂತೆ. ಮರುವಾರ ಇದೇ ಶಾಲೆಯ ಎಂಟನೇ ತರಗತಿ ಕೊಠಡಿಯಲ್ಲಿ ದೊಡ್ಡಪ್ಪ ಲಸಿಕೆ ಹಾಕಿಸಿಕೊಂಡರು. ಗಡುವು ಮುಗಿದು ಎರಡೂವರೆ ವರ್ಷವಾಯಿತು, ಅವರು ಇಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾರೆ.

ಊಟದ ಹೊತ್ತಿನಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ಒಂದು ಆಕ್ಷೇಪ ಎತ್ತಿದರು. "ಆಶಾ ತಾಯಿ ಮನೆಮನೆ ಸುತ್ತುವಷ್ಟರಲ್ಲಿ ಸುಳ್ಳು ಊರೆಲ್ಲ ಸುತ್ತಿರುತ್ತಲ್ಲಪ್ಪ, ಅಷ್ಟರಲ್ಲಿ ಸತ್ತವರಿಗೆ ಏನು ಹೇಳ್ತೀಯ?" ಆಕ್ಷೇಪ ಸರಿಯಾದದ್ದೇ, ಪೂರ್ತಿ ಉತ್ತರ ನನ್ನಲ್ಲಿಲ್ಲ. ಓಟ ತಗ್ಗಿಸಿದರೆ ಆಕೆಗೆ ಸ್ವಲ್ಪ ಸಮಯ ಸಿಗುತ್ತದೆ ಎಂದಷ್ಟೇ ಹೇಳಬಲ್ಲೆ. ಆ ಸಮಯದಲ್ಲಿ ಆಕೆಯ ಕೈಯಲ್ಲಿ ಸರಿಯಾದ ಮಾಹಿತಿ, ಫೋನಿಗೆ ಕರೆನ್ಸಿ, ತಿಂಗಳಿಗೆ ಸರಿಯಾಗಿ ಗೌರವಧನ ಇರಬೇಕು. ಆ ಕಾಲದಲ್ಲಿ ನಮ್ಮ ರಾಜ್ಯದ ಆಶಾ ಕಾರ್ಯಕರ್ತೆಯರು ಗೌರವಧನ ಹೆಚ್ಚಿಸಿ ಎಂದು, ಮಾಸ್ಕು ಕೊಡಿ ಎಂದು 2020ರ ಜುಲೈನಲ್ಲಿ ಮುಷ್ಕರ ಹೂಡಬೇಕಾಯಿತು ಎಂಬುದನ್ನು ಮೇಷ್ಟ್ರಿಗೂ ನೆನಪಿಸಿದೆ. ಅವರು "ಅದೂ ಸರಿ" ಎಂದು ಇನ್ನೊಂದು ಹೋಳಿಗೆ ಹಾಕಿಸಿದರು.