ಮೂಗು ಮರೆತಾಗ

ದೇವನಹಳ್ಳಿ ತಾಲ್ಲೂಕಿನ ವಿಜಯಪುರದಲ್ಲಿ ರೇಷ್ಮೆ ನೂಲು ಬಿಚ್ಚುವ ಮನೆಗಳಿವೆ. ಗೂಡು ಬೇಯುವ, ಸತ್ತ ಹುಳು ಕೊಳೆಯುವ ವಾಸನೆ ಹೊಸಬನನ್ನು ಬೀದಿಯ ತುದಿಯಲ್ಲೇ ತಡೆದು ನಿಲ್ಲಿಸುತ್ತದೆ. ಅದೇ ಹೊಸಬ ಅಂಥದೊಂದು ಮನೆಯ ಜಗುಲಿಯ ಮೇಲೆ ಅರ್ಧ ಗಂಟೆ ಕುಳಿತು ಮಾತನಾಡಲಿ. ವಾಸನೆ ಎಲ್ಲಿಗೋ ಹೋದಂತಾಗುತ್ತದೆ. ವಾಸನೆ ಅಲ್ಲಿಯೇ ಇದೆ, ಮೂಗು ಅದನ್ನು ಹೇಳುವುದನ್ನು ಬಿಟ್ಟಿದೆ, ಅಷ್ಟೆ. ನಮ್ಮ ಭಾಷೆಗೂ ಇಂಥ ಮರೆವು ಉಂಟು. ಹಳಗನ್ನಡದಲ್ಲಿ ‘ನಾಱು’ ಎಂಬ ಮಾತು ಹೂವಿನ ಕಂಪಿಗೂ ಸಲ್ಲುತ್ತಿತ್ತು. ಇಂದು ನಾರುವುದೆಂದರೆ ದುರ್ನಾತವೊಂದೇ.

ಮೂಗಿನ ಈ ಮರೆವು ಕೆಲವೊಮ್ಮೆ ಪ್ರಾಣಕ್ಕೇ ಎರವಾಗುತ್ತದೆ. ಮಲಗುಂಡಿ, ಚರಂಡಿಗಳಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲಕ್ಕೆ ಕೊಳೆತ ಮೊಟ್ಟೆಯ ನಾತ. ಹತ್ತು ಲಕ್ಷ ಪಾಲು ಗಾಳಿಯಲ್ಲಿ ಒಂದು ಪಾಲಿಗಿಂತ ಕಡಿಮೆಯಿದ್ದರೂ ಮೂಗು ಅದನ್ನು ಗುರುತಿಸಬಲ್ಲುದು. ಆದರೆ ಸುಮಾರು 100 ಪಾಲಿಗೆ ಏರಿದೊಡನೆ ಮೂಗಿನ ನರಗಳೇ ಜಡವಾಗುತ್ತವೆ. ವಿಷ ಹೆಚ್ಚಿದಷ್ಟೂ ವಾಸನೆ ಇಲ್ಲವಾಗುತ್ತದೆ. ಗುಂಡಿಗೆ ಇಳಿದವನು ಗಾಳಿ ತಿಳಿಯಾಯಿತೆಂದು ನಂಬುವ ಗಳಿಗೆಯೇ ಅವನ ಕೊನೆಯ ಗಳಿಗೆಯಾಗಬಹುದು. ಒಬ್ಬ ಕುಸಿದನೆಂದು ಎತ್ತಲು ಇನ್ನೊಬ್ಬ, ಅವನಿಗಾಗಿ ಮೂರನೆಯವ ಇಳಿದ ಸುದ್ದಿಯನ್ನು ಎಷ್ಟು ಸಲ ಓದಿಲ್ಲ ನಾವು!

ಬಹಳ ವರ್ಷಗಳ ಹಿಂದೆ ನಮ್ಮ ಮನೆಯ ಹಿತ್ತಲ ಗುಂಡಿಗೂ ಒಬ್ಬ ಹಗ್ಗ ಹಿಡಿದು ಇಳಿದಿದ್ದ. ಪುಣ್ಯಕ್ಕೆ ಸುಖವಾಗಿ ಮೇಲೆ ಬಂದ. ಮೂಗಿಗೆ ಕರವಸ್ತ್ರ ಒತ್ತಿಕೊಂಡು ನಿಂತಿದ್ದ ನಾನು ಕೇಳಿದ್ದು ಒಂದೇ ಮಾತು: ‘ಪೂರ್ತಿ ಆಯಿತೇನಪ್ಪಾ?’ ಇಂದು ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಹಳ್ಳಿಯ ಹಿರಿಯರು ನನಗಿಂತ ಎಚ್ಚರದವರು. ಪಾಳುಬಾವಿಗೆ ಇಳಿಯುವ ಮೊದಲು ಉರಿಯುವ ಲಾಂದ್ರವನ್ನು ಹಗ್ಗದಲ್ಲಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುತ್ತಿರಲಿಲ್ಲ. ಆದರೆ ದೀಪ ಹೇಳುವುದು ಪ್ರಾಣವಾಯು ಉಂಟೋ ಇಲ್ಲವೋ ಎಂಬುದನ್ನು ಮಾತ್ರ. ಸಣ್ಣ ಪ್ರಮಾಣದ ವಿಷವನ್ನು ಅದು ಕಾಣದು. ಹೊತ್ತಿಕೊಳ್ಳುವ ಅನಿಲವಿರುವ ಗುಂಡಿಯಲ್ಲಂತೂ ದೀಪವೇ ಮೃತ್ಯು.

ಈ ಲಾಂದ್ರಕ್ಕೆ ವಿಜ್ಞಾನ ಒಬ್ಬ ಉತ್ತರಾಧಿಕಾರಿಯನ್ನು ಒದಗಿಸಿದೆ. ಜಪಾನಿನ ನವೋಯೊಷಿ ತಗುಚಿ 1962ರಲ್ಲಿ ತವರದ ಆಕ್ಸೈಡಿನಿಂದ ಅನಿಲ ಪತ್ತೆ ಮಾಡುವ ಸಾಧನವನ್ನು ರೂಪಿಸಿದರು. ಅದರ ತತ್ತ್ವ ಸರಳವಾದುದು. ಆಕ್ಸೈಡಿನ ಕಣಗಳನ್ನು ಸಾಮಾನ್ಯವಾಗಿ 200ರಿಂದ 400 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದಾಗ ಗಾಳಿಯ ಆಮ್ಲಜನಕ ಅವುಗಳ ಮೈಗೆ ಅಂಟಿ, ಎಲೆಕ್ಟ್ರಾನುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ವಿದ್ಯುತ್ತಿನ ಹಾದಿ ಇಕ್ಕಟ್ಟಾಗುತ್ತದೆ. ಅಡುಗೆ ಅನಿಲವೋ ಕಾರ್ಬನ್ ಮಾನಾಕ್ಸೈಡೋ ಬಂದರೆ ಆ ಆಮ್ಲಜನಕದೊಡನೆ ಬೆರೆತು ಎಲೆಕ್ಟ್ರಾನುಗಳನ್ನು ಬಿಡಿಸುತ್ತದೆ. ವಿದ್ಯುತ್ತು ಸಲೀಸಾಗಿ ಹರಿಯುತ್ತದೆ. ಆ ಏರುಪೇರೇ ಎಚ್ಚರಿಕೆಯ ಗಂಟೆ.

ಕಣ ಸಣ್ಣದಾದಷ್ಟೂ ಅದರ ಒಡಲಿಗೆ ಹೋಲಿಸಿದರೆ ಮೈ ಹೆಚ್ಚು. ಆದ್ದರಿಂದಲೇ ಇಂದು ನ್ಯಾನೋ ಕಣಗಳಿಗೆ ಇಷ್ಟು ಬೆಲೆ. ಇನ್ನು ಎರಡು ಆಕ್ಸೈಡುಗಳನ್ನು ಬೆಸೆದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಮನೆಯ ಬೆಳ್ಳಿಯ ಕುಂಕುಮಭರಣಿ ಇಟ್ಟಲ್ಲೇ ಕಪ್ಪಾಗುವುದು ಗಂಧಕದ ಅನಿಲಗಳ ಸೋಂಕಿನಿಂದಲ್ಲವೆ? ತವರದ ಆಕ್ಸೈಡಿಗೆ ತಾಮ್ರದ ಆಕ್ಸೈಡನ್ನು ಬೆರೆಸಿದರೂ ಹಾಗೆಯೇ: ಗುಂಡಿಯ ಅನಿಲ ತಾಕಿದೊಡನೆ ತಾಮ್ರದ ಅಂಶ ಸಲ್ಫೈಡಾಗಿ, ತಡೆದಿದ್ದ ವಿದ್ಯುತ್ತಿಗೆ ದಾರಿ ಬಿಡುತ್ತದೆ. ಶುದ್ಧ ಗಾಳಿಯಲ್ಲಿ ಕಾಯಿಸಿದರೆ ಮತ್ತೆ ಮೊದಲಿನಂತಾಗುತ್ತದೆ.

ಈ ಕೆಲಸ ನಮ್ಮ ನೆರೆಯಲ್ಲೇ ನಡೆದಿದೆ. ನೆಲಮಂಗಲಕ್ಕೆ ಸಮೀಪದ ಶಿವನಪುರದಲ್ಲಿರುವ ನ್ಯಾನೋ ಮತ್ತು ಮೃದುದ್ರವ್ಯ ವಿಜ್ಞಾನಗಳ ಕೇಂದ್ರದವರು ಗಂಧಕದ ಡೈಆಕ್ಸೈಡನ್ನು ಕಂಡುಹಿಡಿಯುವ ಸಂವೇದಕವೊಂದನ್ನು ಸಿದ್ಧಪಡಿಸಿದ ಸುದ್ದಿ 2025ರಲ್ಲಿ ಪ್ರಕಟವಾಯಿತು. ಅದರಲ್ಲಿ ನಿಕ್ಕಲ್ ಆಕ್ಸೈಡು ಅನಿಲವನ್ನು ಸೆಳೆದುಕೊಳ್ಳುತ್ತದೆ. ನಿಯೋಡೈಮಿಯಂ ನಿಕ್ಕಲೇಟು ಆ ಸುದ್ದಿಯನ್ನು ವಿದ್ಯುತ್ತಿನ ಸಂಕೇತವಾಗಿ ಮುಟ್ಟಿಸುತ್ತದೆ. ನೂರು ಕೋಟಿ ಪಾಲು ಗಾಳಿಯಲ್ಲಿ 320 ಪಾಲಿದ್ದರೂ ತಿಳಿಯುತ್ತದೆ. ಕೈಯಲ್ಲಿ ಹಿಡಿದೊಯ್ಯಬಹುದಾದ ಮಾದರಿಯಲ್ಲಿ ಹಸಿರು, ಹಳದಿ, ಕೆಂಪು ಬಣ್ಣಗಳೇ ಅಪಾಯದ ಮಟ್ಟವನ್ನು ತೋರುತ್ತವೆ. ಓದು ಬಾರದವನಿಗೂ ಅದು ಅರ್ಥವಾದೀತು.

ಈ ಉಪಕರಣಗಳು ತಪ್ಪೇ ಮಾಡವೆಂದಲ್ಲ. ಮಳೆಗಾಲದ ತೇವ ಅವನ್ನು ಕಂಗೆಡಿಸುತ್ತದೆ. ಒಂದು ಅನಿಲವನ್ನು ಇನ್ನೊಂದೆಂದು ಭ್ರಮಿಸುವುದೂ ಉಂಟು. ಆಗಾಗ್ಗೆ ಪರೀಕ್ಷಿಸುತ್ತಿರಬೇಕು. ಅದಕ್ಕಿಂತ ದೊಡ್ಡ ಕೊರತೆ ನಮ್ಮದು. ರಕ್ಷಣಾಸಾಧನವಿಲ್ಲದೆ ಮನುಷ್ಯನನ್ನು ಚರಂಡಿ, ಮಲಗುಂಡಿಗಳಿಗೆ ಇಳಿಸಬಾರದೆಂದು 2013ರ ಕಾಯಿದೆ ಹೇಳಿತು. ಚರಂಡಿಯಲ್ಲಿ ಸತ್ತವನ ಮನೆಯವರಿಗೆ 30 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು 2023ರಲ್ಲಿ ಆಜ್ಞೆ ಮಾಡಿತು. ಸತ್ತ ಮೇಲಿನ ಬೆಲೆ ನಿಗದಿಯಾಗಿದೆ. ಬದುಕಿರುವಾಗ ಅವನ ಸೊಂಟಕ್ಕೊಂದು ಸಂವೇದಕವನ್ನು ಕಟ್ಟಲು ಅದರ ಅತ್ಯಲ್ಪ ಪಾಲು ಸಾಕು. ಕೆಂಪು ದೀಪ ಹೊತ್ತಿದಾಗ ‘ಇಳಿಯಬೇಡಪ್ಪಾ’ ಎನ್ನಬೇಕಾದವರು ಮಾತ್ರ, ಮೇಲೆ ಕರವಸ್ತ್ರ ಹಿಡಿದು ನಿಂತ ನಾವೇ.

(ಬಾನುಲಿ ಭಾಷಣ)